ಚೀಲಕ್ಕೆ ಸಿಗುವ ಮರ್ಯಾದೆ ಮನುಷ್ಯರಿಗೂ ಸಿಗಲಿ

ಗೌರಿ-ಗಣೇಶ ಮುಗಿದು ದಸರಾ, ದೀಪಾವಳಿ ಹತ್ತಿರ ಬಂದಂತೆ ನಮ್ಮ ಊರುಗಳ ಬಸ್ಸುಗಳೆಲ್ಲ ಪೇಟೆ ಕಡೆಗೇ ತುಂಬಿಕೊಂಡು ಹೋಗುತ್ತವೆ. ಹುಬ್ಬಳ್ಳಿಯ ದುರ್ಗದಬೈಲು, ಬೆಳಗಾವಿಯ ಖಡೇಬಜಾರ್, ಬೆಂಗಳೂರಿನ ಚಿಕ್ಕಪೇಟೆ, ಮೈಸೂರಿನ ದೇವರಾಜ ಮಾರುಕಟ್ಟೆ, ಎಲ್ಲಿ ಹೋದರೂ ಕಾಲಿಡಲು ಜಾಗ ಇರುವುದಿಲ್ಲ. ಈಗ ತಾಲ್ಲೂಕು ಊರುಗಳಿಗೂ ಸೂಪರ್ ಮಾರ್ಕೆಟ್ ಬಂದಿರುವುದರಿಂದ ಭಾನುವಾರ ಸಂಜೆ ಅಲ್ಲೂ ಜಾತ್ರೆಯೇ. ಹಬ್ಬ ಅಂದಮೇಲೆ ಜನ ಸೇರಬೇಕು, ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ತಕರಾರು ಇರುವುದು ಆ ಜನರ ನಡುವೆ ನಾವು ಒಬ್ಬರನ್ನೊಬ್ಬರು ನಡೆಸಿಕೊಳ್ಳುವ ರೀತಿಯ ಬಗ್ಗೆ.

ಇದನ್ನು ಬರೆಯುತ್ತಿರುವ ನಾವೆಲ್ಲ ಹಳ್ಳಿಗಳಿಂದ ಬಂದವರು. ಪತ್ರಿಕೋದ್ಯಮ ಓದುವ ಕಾಲದಲ್ಲಿ ನಮ್ಮಲ್ಲಿ ಕೆಲವರು ಹಾಸ್ಟೆಲ್ ಫೀಸಿಗೆಂದು ಸೀಸನ್ ಟೈಮಿನಲ್ಲಿ ಬಟ್ಟೆ ಅಂಗಡಿಗಳಲ್ಲಿ ಕೆಲಸ ಮಾಡಿದ್ದೇವೆ. ಕೆಲವರ ಅಕ್ಕತಂಗಿಯರು ಈಗಲೂ ಬಿಲ್ಲಿಂಗ್ ಕೌಂಟರಿನ ಹಿಂದೆ ನಿಂತಿದ್ದಾರೆ. ಹೀಗಾಗಿ ಕೌಂಟರಿನ ಎರಡೂ ಬದಿಯಿಂದ ನೋಡಿದ ಮೇಲೆ ನಮಗೆ ಅನ್ನಿಸಿದ್ದನ್ನು ಹೇಳುತ್ತಿದ್ದೇವೆ. ಅಂಗಡಿಯೊಳಗಿನ ಒರಟುತನವನ್ನು ಬರೀ "ಮ್ಯಾನರ್ಸ್ ಇಲ್ಲದವರು" ಅಂತ ಬೈದು ಬಿಡುವ ವಿಷಯವಾಗಿ ನೋಡಿದರೆ ಸಾಲದು. ಯಾರು ಮೊದಲು, ಯಾರು ಆಮೇಲೆ, ಯಾರಿಗೆ ಬಹುವಚನ, ಯಾರಿಗೆ ಏಕವಚನ ಎಂಬ ಹಳೆಯ ಲೆಕ್ಕಾಚಾರವೇ ಎ.ಸಿ. ಅಂಗಡಿಯೊಳಗೂ ಬಂದು ಕೂತಿದೆ.

ನೀವೂ ನೋಡಿರುತ್ತೀರಿ

ಬಿಲ್ಲಿಂಗ್ ಸಾಲಿನಲ್ಲಿ ಹತ್ತು ಜನ ಇದ್ದಾರೆ. ಒಬ್ಬ ವಯಸ್ಸಾದ ಅಮ್ಮ ಒಂದು ಎಣ್ಣೆ ಪ್ಯಾಕೆಟ್ಟು, ಅರ್ಧ ಕೆ.ಜಿ. ರವೆ ಹಿಡಿದು ನಿಂತಿದ್ದಾರೆ. ಮುಂದಿನವರಿಗೂ ಅವರಿಗೂ ನಡುವೆ ಎರಡು ಅಡಿ ಜಾಗ ಬಿಟ್ಟಿದ್ದಾರೆ, ಅಷ್ಟೆ. ಆ ಎರಡಡಿಯೊಳಗೆ ಒಂದು ಟ್ರಾಲಿ ಬಂದು ನುಗ್ಗುತ್ತದೆ. ಟ್ರಾಲಿ ತಳ್ಳಿಕೊಂಡು ಬಂದವರು ಹಿಂದೆ ತಿರುಗಿಯೂ ನೋಡುವುದಿಲ್ಲ, ಕಿವಿಗೆ ಫೋನು. ಅಮ್ಮ ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಾರೆ. ಹಿಂದಿರುವ ಎಂಟು ಜನರೂ ಸುಮ್ಮನಿರುತ್ತಾರೆ.

ಇನ್ನೊಂದು ಬಗೆ ಇದೆ. ಮನೆಯ ಒಬ್ಬರನ್ನು ಖಾಲಿ ಕೈಯಲ್ಲಿ ಸಾಲಿನಲ್ಲಿ ನಿಲ್ಲಿಸುವುದು, ಉಳಿದವರು ಆರಾಮವಾಗಿ ಅಂಗಡಿ ಸುತ್ತುವುದು, ಸರದಿ ಬರುವ ಹೊತ್ತಿಗೆ ಎರಡು ಟ್ರಾಲಿ ತುಂಬ ಸಾಮಾನು ತಂದು ಸುರಿಯುವುದು. ಕೇಳಿದರೆ "ನಾವು ಆಗಲೇ ನಿಂತಿದ್ವಿ" ಎಂಬ ಉತ್ತರ ರೆಡಿ.

ಬೇಡವೆನಿಸಿದ ಹಾಲಿನ ಪ್ಯಾಕೆಟ್ಟನ್ನು ಬಿಸ್ಕತ್ತಿನ ರ‍್ಯಾಕಿನಲ್ಲಿ ಇಟ್ಟು ಹೋಗುವವರಿದ್ದಾರೆ. ಸಂಜೆಗೆ ಅದು ಒಡೆದಿರುತ್ತದೆ. ಟೊಮೆಟೊವನ್ನು ಒಂದೊಂದಾಗಿ ಹಿಚುಕಿ ನೋಡಿ ಅಲ್ಲೇ ಬಿಡುವವರಿದ್ದಾರೆ. ತೂಕದ ಚೀಟಿ ಅಂಟಿಸಿದ ಮೇಲೆ ಕವರ್ ಬಿಚ್ಚಿ ಇನ್ನೆರಡು ಈರುಳ್ಳಿ ಸೇರಿಸುವವರೂ ಇದ್ದಾರೆ. ಸಿಕ್ಕಿಬಿದ್ದರೆ ಬೈಗುಳ ಕೇಳಬೇಕಾದವಳು ತೂಕದ ಹುಡುಗಿ.

ಬಟ್ಟೆ ಅಂಗಡಿಯ ಕತೆ ಇನ್ನೊಂದು. ನಲವತ್ತು ಸೀರೆ ಬಿಚ್ಚಿಸಿ, ಸೆರಗು ಹರವಿಸಿ, ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿ, ಕೊನೆಗೆ "ಒಂದೂ ಚೆನ್ನಾಗಿಲ್ಲ" ಎಂದು ಎದ್ದು ಹೋಗುವುದು ಗಿರಾಕಿಯ ಹಕ್ಕು, ಒಪ್ಪುತ್ತೇವೆ. ನೋಡಿದ್ದನ್ನೆಲ್ಲ ಕೊಳ್ಳಲೇಬೇಕೆಂದಿಲ್ಲ. ಆದರೆ ಅದೇ ಮಾತನ್ನು "ತಗೊಳ್ಳೋದು ಬಿಡೋದು ನನ್ನಿಷ್ಟ, ನಿಂಗ್ ಸಂಬಳ ಕೊಡ್ತಾರಲ್ಲ, ಮಡಚು" ಎಂದು ಹೇಳಿದಾಗ ಅದು ಹಕ್ಕಾಗಿ ಉಳಿಯುವುದಿಲ್ಲ. ಸೀರೆ ಮಡಚುವುದು ಆ ಹುಡುಗಿಯ ಕೆಲಸ ಹೌದು. ಆ ಮಾತು ಕೇಳಿಸಿಕೊಳ್ಳುವುದು ಅವಳ ಕೆಲಸವಲ್ಲ.

ಇದರ ಜೊತೆಗೆ, ಜನ ಒತ್ತೊತ್ತಾಗಿ ನಿಂತಿರುವುದನ್ನೇ ನೆಪ ಮಾಡಿಕೊಂಡು ಹೆಣ್ಣುಮಕ್ಕಳ ಮೈಗೆ ಮೈ ತಾಗಿಸುವವರೂ ಇದ್ದಾರೆ. ಅದನ್ನು ನಾವು ಒರಟುತನದ ಪಟ್ಟಿಗೆ ಸೇರಿಸುವುದಿಲ್ಲ, ಅದು ಅಪರಾಧ. ಆದರೆ ನೂಕುವುದು ಸಹಜ ಎಂದು ಎಲ್ಲರೂ ಒಪ್ಪಿಕೊಂಡ ಅಂಗಡಿಯಲ್ಲಿ ಅಪರಾಧಿಗೆ ಅಡಗಿಕೊಳ್ಳಲು ಜಾಗ ಸಿಗುತ್ತದೆ ಎಂಬುದನ್ನು ಮರೆಯಬಾರದು.

ಪಾಳಿ ನಮಗೆ ಹೊಸದೇ?

ಇಂಥ ಮಾತು ಎತ್ತಿದ ಕೂಡಲೇ ಪಟ್ಟಣದ ಕೆಲವರು ಹೇಳುವುದುಂಟು: "ಹಳ್ಳಿ ಜನ ಬಂದು ನುಗ್ತಾರೆ, ಅವರಿಗೆ ಕ್ಯೂ ಅಂದ್ರೇನು ಅಂತಾನೇ ಗೊತ್ತಿಲ್ಲ." ಈ ಮಾತನ್ನು ನಾವು ಒಪ್ಪುವುದಿಲ್ಲ. ಇಂಗ್ಲಿಷಿನ ಕ್ಯೂ ಬರುವ ಮೊದಲೇ ನಮ್ಮಲ್ಲಿ ಅದಕ್ಕೆ ಪದಗಳಿದ್ದವು. ದಕ್ಷಿಣದ ಕಡೆ ಸರದಿ, ಸರತಿ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಪಾಳಿ ಎನ್ನುತ್ತಾರೆ. "ಪಾಳಿ ಹಚ್ಚು" ಅಂದರೆ ಸಾಲಲ್ಲಿ ನಿಲ್ಲು. "ಈಗ ನಂದು ಪಾಳಿ" ಅಂದರೆ ಈಗ ನನ್ನ ಸರದಿ. ನಿಲ್ಲುವ ಸಾಲಿಗೂ, ನಿಂತವರಿಗೆ ಸಿಗುವ ಹಕ್ಕಿಗೂ ಒಂದೇ ಪದ.

ಊರಿನ ಹಿಟ್ಟಿನ ಗಿರಣಿಗೆ ಹೋಗಿ ನೋಡಿ. ಬೆಳಿಗ್ಗೆ ಜೋಳದ ಡಬ್ಬಿ ಇಟ್ಟು ಹೊಲಕ್ಕೆ ಹೋದವರು ಮಧ್ಯಾಹ್ನ ಬರುತ್ತಾರೆ. ಅಷ್ಟು ಹೊತ್ತೂ ಡಬ್ಬಿಗಳೇ ಸಾಲಾಗಿ ಕೂತಿರುತ್ತವೆ. ಹೊಸದಾಗಿ ಬಂದವರು ಮುಂದಿನ ಡಬ್ಬಿ ಸರಿಸಲು ಕೈ ಹಾಕಿದರೆ ಗಿರಣಿಯವನು ಬಿಡುವುದಿಲ್ಲ: "ಏ ಯಕ್ಕಾ, ಅದು ಮ್ಯಾಲಿನ ಓಣಿ ಆಯಿ ಡಬ್ಬಿ. ಆಕಿ ಪಾಳಿ ಮುಗೀಲಿ, ಆಮ್ಯಾಲೆ ನಿಂದು." ಆ ಆಯಿ ಅಲ್ಲಿಲ್ಲ. ಅವಳ ಪಾಳಿ ಮಾತ್ರ ಅಲ್ಲೇ ಇದೆ.

ನ್ಯಾಯಬೆಲೆ ಅಂಗಡಿಯ ಮುಂದೆಯೂ ಹಾಗೆಯೇ. ಬಾಗಿಲು ತೆರೆಯುವ ಮೊದಲೇ ಚೀಲಗಳು ಸಾಲಿಗೆ ಬಂದಿರುತ್ತವೆ. ಹಾರಿ ಹೋಗದಂತೆ ಒಂದೊಂದರ ಮೇಲೂ ಒಂದೊಂದು ಕಲ್ಲು. ಚೀಲದ ಯಜಮಾನರು ಮರದ ನೆರಳಲ್ಲಿ ಕೂತು ಹರಟುತ್ತಿರುತ್ತಾರೆ. ಸರ್ವರ್ ಕೈಕೊಟ್ಟು ಹೆಬ್ಬೆಟ್ಟಿನ ಗುರುತು ಸಿಗದೆ ಎರಡು ತಾಸು ತಡವಾದರೂ ಚೀಲದ ಸಾಲು ಕದಲುವುದಿಲ್ಲ. ಯೂರಿಯಾಕ್ಕೆ ಅಭಾವವಾದ ವರ್ಷ ಗೊಬ್ಬರದ ಅಂಗಡಿಯ ಮುಂದೆ ಚಪ್ಪಲಿಗಳೂ ಹೀಗೆ ಸಾಲು ನಿಂತಿದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ.

ಊರಿನಲ್ಲಿ ಒಂದು ಖಾಲಿ ಚೀಲಕ್ಕೆ ಸಿಗುವ ಈ ಮರ್ಯಾದೆ, ಸೂಪರ್ ಮಾರ್ಕೆಟ್ಟಿನಲ್ಲಿ ಎಣ್ಣೆ ಪ್ಯಾಕೆಟ್ ಹಿಡಿದು ನಿಂತ ಅಮ್ಮನಿಗೆ ಯಾಕೆ ಸಿಗುವುದಿಲ್ಲ? ಊರಿನಲ್ಲಿ ಆ ಚೀಲ ಯಾರದ್ದೆಂದು ಎಲ್ಲರಿಗೂ ಗೊತ್ತು. ಇವತ್ತು ಅವರ ಪಾಳಿ ಕಸಿದರೆ ನಾಳೆ ಬಾವಿಕಟ್ಟೆಯಲ್ಲಿ ಮುಖ ನೋಡಬೇಕು. ಪೇಟೆಯ ಅಂಗಡಿಯಲ್ಲಿ ಅಮ್ಮ ಯಾರೋ, ನಾವು ಯಾರೋ. ಹೊರಗೆ ಹೋದ ಮೇಲೆ ಮತ್ತೆ ಸಿಗುವುದಿಲ್ಲ. ಮತ್ತೆ ಸಿಗದವರ ಜೊತೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರಲ್ಲೇ ನಮ್ಮ ಸೌಜನ್ಯ ಎಷ್ಟು ಆಳದ್ದು ಎಂದು ಗೊತ್ತಾಗುವುದು.

ಊರನ್ನು ಹೊಗಳಿ ಸುಮ್ಮನಾಗಲಾರೆವು

ಹಾಗೆಂದು ಹಳ್ಳಿ ಚಿನ್ನ, ಪೇಟೆ ಮಣ್ಣು ಎಂದು ನಾವು ಹೇಳುತ್ತಿಲ್ಲ. ಅದೇ ಊರಿನ ಕಿರಾಣಿ ಅಂಗಡಿಯಲ್ಲಿ ಹತ್ತು ಜನ ಕಾಯುತ್ತಿರುವಾಗ ದೊಡ್ಡಮನೆಯ ಆಳು ಬಂದರೆ ಎಲ್ಲರೂ ದಾರಿ ಬಿಡುವುದನ್ನು ನಾವು ಕಂಡಿದ್ದೇವೆ. ದಲಿತರು ಅಂಗಡಿಯ ಕಟ್ಟೆ ಹತ್ತದೆ ದೂರ ನಿಂತು ದುಡ್ಡನ್ನು ನೆಲದ ಮೇಲಿಡಬೇಕಿತ್ತು, ಸಾಮಾನನ್ನು ಮೇಲಿನಿಂದ ಸೆರಗಿಗೆ ಹಾಕುತ್ತಿದ್ದರು ಎಂಬುದನ್ನು ನಮ್ಮ ಅಜ್ಜಿಯರೇ ಹೇಳಿದ್ದಾರೆ. ಕ್ಷೌರದ ಅಂಗಡಿಯಲ್ಲಿ ಕೂರಿಸಲಿಲ್ಲ, ಹೋಟೆಲಿನಲ್ಲಿ ಬೇರೆ ಲೋಟ ಕೊಟ್ಟರು ಎಂಬ ಸುದ್ದಿಗಳು ಇವತ್ತಿಗೂ ನಮ್ಮ ರಾಜ್ಯದಿಂದ ಬರುತ್ತಲೇ ಇವೆ. ಆ ಊರುಗಳಲ್ಲೂ ಒಂದು ಸಾಲು ಇತ್ತು. ಆದರೆ ಅದರಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು.

ನಮ್ಮ ಸಂವಿಧಾನ ಬರೆದವರು ಇದನ್ನು ಬಲ್ಲವರಾಗಿದ್ದರು. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾವ ನಾಗರಿಕರನ್ನೂ ಎಲ್ಲೆಲ್ಲಿ ತಡೆಯಬಾರದು ಎಂದು 15ನೇ ವಿಧಿಯ 2ನೇ ಖಂಡ ಒಂದು ಪಟ್ಟಿ ಕೊಡುತ್ತದೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲವೂ ಆ ಪಟ್ಟಿಯಲ್ಲಿವೆ. ಆದರೆ ಪಟ್ಟಿಯ ಮೊದಲ ಹೆಸರು ಅಂಗಡಿ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅಂಗಡಿ ಎಂಬ ಪದವನ್ನು ವಿವರಿಸಿದರು. ಒಳಗೆ ಬರಲು ಬಿಡುವುದು ಎಂಬಷ್ಟೇ ಅರ್ಥದಲ್ಲಿ ಅದನ್ನು ಬಳಸಿಲ್ಲ, ಒಪ್ಪಿದ ಬೆಲೆಗೆ ಸೇವೆ ಪಡೆಯುವ ಹಕ್ಕೂ ಅದರೊಳಗೆ ಸೇರಿದೆ ಎಂಬುದು ಅವರ ಮಾತಿನ ಸಾರ.

ಒಳಗೆ ಬಿಟ್ಟರೆ ಸಾಲದು, ಸರಿಯಾಗಿ ಸೇವೆಯೂ ಸಿಗಬೇಕು. ಈ ಮಾತನ್ನು ಇವತ್ತಿನ ಬಿಲ್ಲಿಂಗ್ ಸಾಲಿಗೆ ತಂದು ನೋಡಿ. ಸರದಿ ಸಾಲು ಅಂದರೆ ಏನು? ಮೊದಲು ಬಂದವರಿಗೆ ಮೊದಲು, ಅಷ್ಟೆ. ಅಲ್ಲಿ ನಿಮ್ಮ ಜಾತಿ ಯಾವುದು, ಹೊಲ ಎಷ್ಟು ಎಕರೆ, ಕಾರು ಯಾವುದು ಎಂದು ಯಾರೂ ಕೇಳುವಂತಿಲ್ಲ. ನಮ್ಮ ದೇಶದಲ್ಲಿ ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೆಯುವ ಜಾಗಗಳು ಬಹಳ ಇಲ್ಲ. ಮತಗಟ್ಟೆಯ ಸಾಲು ಒಂದು, ಅಂಗಡಿಯ ಸಾಲು ಇನ್ನೊಂದು. ಈ ಸಾಲನ್ನು ಮುರಿದವರು ಐದು ನಿಮಿಷ ಉಳಿಸಿಕೊಳ್ಳುತ್ತಾರೆ. ಜೊತೆಗೆ, "ನನಗಿಂತ ನೀನು ಕಡಿಮೆಯವಳು" ಎಂದು ಮಾತಿಲ್ಲದೆ ಹೇಳಿ ಹೋಗುತ್ತಾರೆ.

ಗಮನಿಸಿ ನೋಡಿ, ನುಗ್ಗುವವರು ಯಾರ ಮುಂದೆ ಬೇಕಾದರೂ ನುಗ್ಗುವುದಿಲ್ಲ. ಗಟ್ಟಿ ಆಳಿನ ಮುಂದೆ, ಇಂಗ್ಲಿಷಿನಲ್ಲಿ ಜೋರು ಮಾತಾಡುವವರ ಮುಂದೆ ಟ್ರಾಲಿ ತೂರಿಸುವುದಿಲ್ಲ. ನೂಲಿನ ಸೀರೆಯ ಅಮ್ಮ, ಪಂಚೆ ಉಟ್ಟ ಅಜ್ಜ, ಮಗು ಎತ್ತಿಕೊಂಡ ಕೂಲಿಯ ಹೆಂಗಸು, ಕನ್ನಡವೂ ಹಿಂದಿಯೂ ಸರಿಯಾಗಿ ಬಾರದ ವಲಸೆ ಹುಡುಗ ಇವರೇ ಸಿಗುವುದು. 2024ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಬೆಂಗಳೂರಿನ ಮಾಲ್ ಒಂದರ ಬಾಗಿಲಲ್ಲೇ ತಡೆದರು. ರಾಜ್ಯವೆಲ್ಲ ಸಿಟ್ಟಾಯಿತು, ವಿಧಾನಸಭೆಯಲ್ಲೂ ಚರ್ಚೆಯಾಯಿತು. ಆ ಸಿಟ್ಟು ಬೇಕಾದದ್ದೇ. ಆದರೆ ಬಾಗಿಲಲ್ಲಿ ತಡೆದ ಸೆಕ್ಯೂರಿಟಿಯವನ ಮೇಲೆ ಬರುವ ಸಿಟ್ಟು, ಬಾಗಿಲ ಒಳಗೆ ಅದೇ ಅಜ್ಜನನ್ನು ಭುಜದಿಂದ ತಳ್ಳಿ ಮುಂದೆ ಹೋಗುವ ಗಿರಾಕಿಯ ಮೇಲೆ ಯಾಕೆ ಬರುವುದಿಲ್ಲ?

ಅಭಾವದ ನೂಕು, ಆಫರಿನ ನೂಕು

"ಜನಸಂಖ್ಯೆ ಜಾಸ್ತಿ, ಸಾಮಾನು ಕಮ್ಮಿ, ನೂಕದೇ ಇದ್ರೆ ಸಿಗಲ್ಲ" ಎಂಬ ವಾದವೂ ಇದೆ. ಇದರಲ್ಲಿ ಸ್ವಲ್ಪ ಸತ್ಯವಿದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗೋಲಿಬಾರ್ ಮಾಡಿದರು. ಇಬ್ಬರು ರೈತರು ಜೀವ ಕಳೆದುಕೊಂಡರು. ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಗದಿದ್ದರೆ ವರ್ಷದ ಬೆಳೆಯೇ ಹೋಗುತ್ತದೆ ಎಂದು ಗೊತ್ತಿರುವವರ ಧಾವಂತ ಅದು. ಅಂಥ ಸಾಲಿನಲ್ಲಿ ನಿಂತವರಿಗೆ ಸೌಜನ್ಯದ ಪಾಠ ಹೇಳಲು ನಮಗೆ ಬಾಯಿ ಬರುವುದಿಲ್ಲ. ಅಲ್ಲಿ ಉತ್ತರ ಕೊಡಬೇಕಾದದ್ದು ಸರ್ಕಾರ.

ಆದರೆ ಸೂಪರ್ ಮಾರ್ಕೆಟ್ಟಿನಲ್ಲಿ ಸಕ್ಕರೆಯ ಅಭಾವವಿಲ್ಲ. ಮುಂದಿನವರು ಎರಡು ಕೆ.ಜಿ. ತೆಗೆದುಕೊಂಡರೆ ನಮಗೆ ಖಾಲಿಯಾಗುವುದಿಲ್ಲ. ಅಲ್ಲಿನ ಅಭಾವ ಬೇಕೆಂದೇ ಮಾಡಿದ್ದು. "ಇವತ್ತು ಮಾತ್ರ", "ಮೊದಲ ನೂರು ಜನರಿಗೆ", "ಸ್ಟಾಕ್ ಇರುವವರೆಗೆ" ಎಂಬ ಬೋರ್ಡುಗಳು ಹೊಟ್ಟೆ ತುಂಬಿದವರಲ್ಲೂ ಬರಗಾಲದ ಭಯ ಹುಟ್ಟಿಸುತ್ತವೆ. 2023ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮೈಸೂರು ಸಿಲ್ಕ್ ಸೀರೆಗಳ ಮಾರಾಟದ ವೇಳೆ ಇಬ್ಬರು ಮಹಿಳೆಯರು ಸೀರೆಗಾಗಿ ಜುಟ್ಟು ಹಿಡಿದು ಹೊಡೆದಾಡಿದ ವಿಡಿಯೊ ದೇಶವೆಲ್ಲ ಓಡಾಡಿತು. "ಹೆಂಗಸರು ಅಂದ್ರೆ ಹಿಂಗೇ" ಎಂದು ಜನ ನಕ್ಕರು. ಆ ವಿಡಿಯೊದಲ್ಲಿ ನಮಗೆ ಕಂಡದ್ದು ಬೇರೆ. ಜಗಳದ ಪಕ್ಕದಲ್ಲೇ ಉಳಿದವರು ಏನೂ ಆಗಿಲ್ಲವೆಂಬಂತೆ ಸೀರೆ ಆರಿಸುತ್ತಿದ್ದರು. ಹೊಡೆದಾಟಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಅದು.

ಇದು ಎಲ್ಲಿಯವರೆಗೆ ಹೋಗಬಹುದು ಎಂದು ತಿಳಿಯಲು ಸ್ವಲ್ಪ ದೂರ, ಅಮೆರಿಕದವರೆಗೆ ಹೋಗಿ ನೋಡಬೇಕು. ಅಲ್ಲಿ ನವೆಂಬರ್ ನಾಲ್ಕನೇ ಗುರುವಾರದ ಮರುದಿನದ ರಿಯಾಯಿತಿ ಮಾರಾಟ ನಮ್ಮ ದೀಪಾವಳಿ ಸೇಲಿನಂತೆಯೇ ದೊಡ್ಡದು. 2008ರ ನವೆಂಬರ್ 28ರ ನಸುಕಿನಲ್ಲಿ ನ್ಯೂಯಾರ್ಕ್ ನಗರದ ಹತ್ತಿರದ ವ್ಯಾಲಿ ಸ್ಟ್ರೀಮ್ ಎಂಬಲ್ಲಿ ವಾಲ್‌ಮಾರ್ಟ್ ಅಂಗಡಿಯ ಮುಂದೆ ಸುಮಾರು 2,000 ಜನ ಸೇರಿದ್ದರು. ಬಾಗಿಲು ಮುರಿದುಕೊಂಡು ಒಳನುಗ್ಗಿದ ಜನರ ಕಾಲಡಿಗೆ ಸಿಕ್ಕು ಅಂಗಡಿಯ ಒಬ್ಬ ನೌಕರ ಸತ್ತರು. ಅವರು ಸೀಸನ್ನಿಗೆಂದು ತಾತ್ಕಾಲಿಕವಾಗಿ ಸೇರಿದ್ದವರು. ಸಾವಾಗಿದೆ, ಅಂಗಡಿ ಮುಚ್ಚುತ್ತೇವೆ ಎಂದಾಗ, ರಾತ್ರಿಯಿಂದ ಕಾದಿದ್ದೇವೆ ಎಂದು ಕೆಲವರು ತಕರಾರು ತೆಗೆದರೆಂದು ಆಗಿನ ಪತ್ರಿಕೆಗಳು ಬರೆದವು. ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆ ಕಂಪನಿಗೆ ವಿಧಿಸಿದ ದಂಡ 7,000 ಡಾಲರ್.

ಸಿರಿವಂತ ದೇಶ, ಓದಿದ ಜನ, ಅಗ್ಗದ ಟಿ.ವಿ. ಅಷ್ಟೇ ಸಾಕಾಯಿತು. ಆದ್ದರಿಂದ ಒರಟುತನಕ್ಕೆ ಬಡತನವನ್ನೋ, ಅನಕ್ಷರತೆಯನ್ನೋ, ಹಳ್ಳಿಯನ್ನೋ ಹೊಣೆ ಮಾಡುವುದನ್ನು ಬಿಡೋಣ. ಮುಂದೆ ಇರುವವರು ಮನುಷ್ಯರೆಂಬುದು ಮರೆತುಹೋದರೆ ಎಲ್ಲ ಊರಿನ ಜನರೂ ಒಂದೇ.

ಕೌಂಟರಿನ ಆಚೆ ಇರುವವಳು

ಅಮೆರಿಕದಲ್ಲಿ ಸತ್ತವರು ಸೀಸನ್ ನೌಕರ ಎಂಬ ಮಾತು ನಮ್ಮನ್ನು ಬಹಳ ಕಾಡುತ್ತದೆ. ನಮ್ಮ ಅಂಗಡಿಗಳಲ್ಲೂ ಜನರ ಒತ್ತಡವೆಲ್ಲ ಕೊನೆಗೆ ಬಂದು ಬೀಳುವುದು ಅಂಥವರ ಮೇಲೆಯೇ. ಪಿ.ಯು.ಸಿ. ಮುಗಿಸಿ ಮುಂದೆ ಓದಲಾಗದೆ ಬಂದ ಹುಡುಗಿ, ಬೆಳಿಗ್ಗೆ ಏಳರ ಬಸ್ಸಿಗೆ ಊರು ಬಿಟ್ಟು ರಾತ್ರಿ ಒಂಬತ್ತಕ್ಕೆ ಮನೆ ಸೇರುವವಳು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆ ಓವರ್‌ಟೈಮ್ ಬಿಟ್ಟು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಹೇಳಿದೆ. ಹಬ್ಬದ ಸೀಸನ್ನಿನಲ್ಲಿ ಆ ಕಾಯಿದೆ ಅಂಗಡಿಯ ಒಳಗೆ ಬರಲು ನಮ್ಮಂತೆಯೇ ಸಾಲಿನಲ್ಲಿ ನಿಂತಿರುತ್ತದೆ.

ನಾವು ಕೆಲಸ ಮಾಡಿದ ಒಂದು ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೂ ಕೂರುವಂತಿರಲಿಲ್ಲ. ಗೋಡೆಗೆ ಒರಗಿದರೂ ಮ್ಯಾನೇಜರ್ ಕಣ್ಣು ಬಿಡುತ್ತಿದ್ದರು. ರಾತ್ರಿ ರೂಮಿಗೆ ಬಂದು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು ಕೂರುವುದೇ ನಮ್ಮ ದೀಪಾವಳಿ. ಬಿಲ್ಲಿಂಗ್ ಕೌಂಟರಿನವರಿಗೆ ಇನ್ನೊಂದು ಕಷ್ಟ. ದಿನದ ಕೊನೆಗೆ ಗಲ್ಲಾಪೆಟ್ಟಿಗೆಯ ಲೆಕ್ಕ ಕಡಿಮೆ ಬಂದರೆ ಅವರ ಕೈಯಿಂದಲೇ ತುಂಬಬೇಕು ಎನ್ನುವ ಅಂಗಡಿಗಳಿವೆ. ಅಂಥವಳು ನೋಟು ಎಣಿಸುತ್ತಿರುವಾಗ ನಾವು "ಬೇಗ ಬೇಗ, ನಿದ್ದೆ ಮಾಡ್ತಿದೀಯಾ?" ಎಂದು ಗದರುತ್ತೇವೆ. ಬಾರ್‌ಕೋಡ್ ಓದದಿದ್ದರೆ ಅವಳ ತಪ್ಪು, ಯು.ಪಿ.ಐ. ಹೋಗದಿದ್ದರೆ ಅವಳ ತಪ್ಪು, ಕ್ಯಾರಿಬ್ಯಾಗಿಗೆ ದುಡ್ಡು ಕೇಳಿದರೂ ಅವಳದೇ ತಪ್ಪು. ಒಂದು ತಪ್ಪು ಬಿಲ್ ರದ್ದು ಮಾಡಲು ಕೂಡ ಅವಳು ಸೂಪರ್‌ವೈಸರನ್ನು ಕೂಗಬೇಕು. ಅಷ್ಟು ಕಡಿಮೆ ಅಧಿಕಾರ, ಅಷ್ಟು ಹೆಚ್ಚು ಬೈಗುಳ ಇರುವ ಕೆಲಸ ಇನ್ನೊಂದು ಸಿಗುವುದು ಕಷ್ಟ.

ನೆರೆಯ ಕೇರಳದಲ್ಲಿ ಹೀಗೆ ನಿಂತೇ ಇರಬೇಕಾದ ಹೆಣ್ಣುಮಕ್ಕಳು ಬಾಯಿ ಬಿಟ್ಟರು. ಕೋಳಿಕ್ಕೋಡ್‌ನಲ್ಲಿ ಟೈಲರ್ ಆಗಿದ್ದ ಪಿ. ವಿಜಿ ಅವರು ಅಂಗಡಿ ಕೆಲಸದ ಹೆಂಗಸರನ್ನು ಸಂಘಟಿಸಿ, ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ಹೋರಾಡಿದರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯಿದೆಗೆ ತಿದ್ದುಪಡಿ ತಂದು ಕುರ್ಚಿ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಒಂದು ಕುರ್ಚಿಗೆ ಕಾನೂನು ಬೇಕಾಯಿತು ಎಂಬುದೇ ನಾಚಿಕೆಯ ವಿಷಯ. ಕರ್ನಾಟಕದ ಅಂಗಡಿಗಳಲ್ಲೂ ಕೌಂಟರಿನ ಹಿಂದೆ ಕುರ್ಚಿ ಇದೆಯೇ ಎಂದು ಗಿರಾಕಿಗಳಾದ ನಾವೇ ಕೇಳಬೇಕು. ಸ್ಟಾಕ್ ಇಲ್ಲವೇ ಎಂದು ಕೇಳುವ ಬಾಯಿಂದಲೇ, ಈ ಹುಡುಗಿಗೆ ಕೂರಲು ಜಾಗ ಇಲ್ಲವೇ ಎಂದೂ ಕೇಳಬಹುದಲ್ಲ?

ಏನು ಮಾಡಬಹುದು?

ಮೊದಲ ಜವಾಬ್ದಾರಿ ಅಂಗಡಿಯವರದ್ದು. ಆರು ಕೌಂಟರ್ ಕಟ್ಟಿಸಿ ಎರಡನ್ನು ಮಾತ್ರ ತೆರೆದಿಟ್ಟು, ಜನ ಕಚ್ಚಾಡುತ್ತಾರೆ ಎಂದರೆ ಹೇಗೆ? ಪ್ರತಿ ಕೌಂಟರಿಗೂ ಬೇರೆ ಬೇರೆ ಸಾಲು ಮಾಡುವ ಬದಲು ಎಲ್ಲ ಕೌಂಟರಿಗೂ ಸೇರಿ ಒಂದೇ ಸಾಲು ಮಾಡಿದರೆ, ಆಮೇಲೆ ಬಂದವರು ಮೊದಲು ಹೋಗುವ ಪ್ರಶ್ನೆಯೇ ಬರುವುದಿಲ್ಲ. ಬಟ್ಟೆ ಅಂಗಡಿ, ಸಿಹಿ ಅಂಗಡಿಗಳಲ್ಲಿ ಟೋಕನ್ ಕೊಡಬಹುದು. ವಯಸ್ಸಾದವರಿಗೆ, ಮಗು ಎತ್ತಿಕೊಂಡವರಿಗೆ ಒಂದು ಕೌಂಟರ್ ಮೀಸಲಿಡಬಹುದು.

ವ್ಯವಸ್ಥೆ ಇದ್ದರೆ ನಮ್ಮ ಜನ ಪಾಲಿಸುತ್ತಾರೆಯೇ ಎಂಬ ಅನುಮಾನ ಇರುವವರು 2020ನ್ನು ನೆನಪು ಮಾಡಿಕೊಳ್ಳಲಿ. ಲಾಕ್‌ಡೌನ್ ದಿನಗಳಲ್ಲಿ ಕಿರಾಣಿ ಅಂಗಡಿಗಳ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳೊಳಗೆ ನಾವೆಲ್ಲ ನಿಂತಿದ್ದೆವು. ಮೇ 4ರಂದು ಮದ್ಯದಂಗಡಿಗಳು ತೆರೆದಾಗ ಗಂಡಸರು ಬಿಸಿಲಲ್ಲಿ ಗಂಟೆಗಟ್ಟಲೆ ಎಂಥ ಉದ್ದದ ಸಾಲು ನಿಂತರು ಎಂಬುದನ್ನು ರಾಜ್ಯವೇ ನೋಡಿದೆ. ನಿಲ್ಲಲು ನಮಗೆ ಬರುತ್ತದೆ. ನಿಂತರೆ ಸಿಗುತ್ತದೆ ಎಂಬ ನಂಬಿಕೆ ಬೇಕು ಅಷ್ಟೆ.

ಇನ್ನು ಗಿರಾಕಿಗಳಾದ ನಮ್ಮ ಪಾಲಿನದು. ದೊಡ್ಡದೇನೂ ಅಲ್ಲ. ಬಿಲ್ ಮಾಡಿಸುವ ಎರಡು ನಿಮಿಷ ಫೋನು ಜೇಬಿನಲ್ಲಿರಲಿ. ಬೇಡವಾದ ಸಾಮಾನನ್ನು ತೆಗೆದ ಜಾಗದಲ್ಲೇ ಇಡೋಣ, ಆಗದಿದ್ದರೆ ಕೌಂಟರಿನಲ್ಲಿ ಕೊಡೋಣ. "ಏಯ್", "ಬಾರೇ ಇಲ್ಲಿ" ಎಂಬುದರ ಜಾಗದಲ್ಲಿ ಒಂದು "ಅಮ್ಮಾ", "ತಮ್ಮಾ", "ಅಕ್ಕಾರೆ" ಬರಲಿ. ನಮ್ಮ ಭಾಷೆಯಲ್ಲಿ ಥ್ಯಾಂಕ್ಸಿಗೆ ಸಲೀಸಾದ ಪದ ಇಲ್ಲವೆಂದು ಕೆಲವರು ಗೊಣಗುತ್ತಾರೆ. ಪದ ಇಲ್ಲದಿದ್ದರೆ ಬೇಡ, "ಊಟ ಆಯ್ತಾ?" ಎಂದು ಕೇಳುವುದು ನಮಗೆ ಬರುತ್ತದಲ್ಲ. ಸಂಜೆ ನಾಲ್ಕಕ್ಕೂ ಊಟ ಆಗಿರದ ಹುಡುಗಿಗೆ ಆ ಒಂದು ಮಾತು ಎಷ್ಟು ದೊಡ್ಡದು ಎಂಬುದು ಆ ಜಾಗದಲ್ಲಿ ನಿಂತವರಿಗೆ ಗೊತ್ತು.

ಅವಸರ ಇರುವುದೇ ಇಲ್ಲ ಎಂದು ನಾವು ಹೇಳುವುದಿಲ್ಲ. ಊರಿನ ಕೊನೆಯ ಬಸ್ಸು ಆರೂವರೆಗೆ ಹೊರಟುಬಿಟ್ಟರೆ ರಾತ್ರಿಯೆಲ್ಲ ಬಸ್ ಸ್ಟ್ಯಾಂಡೇ ಗತಿ ಎಂಬುದು ಹಳ್ಳಿಯವರಾದ ನಮಗೆ ಚೆನ್ನಾಗಿ ಗೊತ್ತು. ಮಗು ಅಳುತ್ತಿರಬಹುದು, ಮನೆಯಲ್ಲಿ ಕಾಯಿಲೆಯವರಿರಬಹುದು. ಆಗ ಕೇಳಬೇಕು: "ಅಣ್ಣಾರೆ, ಬಸ್ಸು ತಪ್ಪುತ್ತೆ, ಒಂದೇ ಐಟಮ್ಮು, ಮುಂದೆ ಬಿಡ್ತೀರಾ?" ಹೀಗೆ ಕೇಳಿದವರಿಗೆ ಇಲ್ಲ ಎಂದವರನ್ನು ನಾವು ಬಹಳ ಕಡಿಮೆ ನೋಡಿದ್ದೇವೆ. ಕೇಳಿ ಮುಂದೆ ಹೋದವರು ಹಿಂದೆ ನಿಂತವರನ್ನು ದೊಡ್ಡವರನ್ನಾಗಿ ಮಾಡುತ್ತಾರೆ. ಕೇಳದೆ ನುಗ್ಗಿದವರು ಅವರನ್ನು ಚಿಕ್ಕವರನ್ನಾಗಿ ಮಾಡುತ್ತಾರೆ. ಉಳಿಯುವ ಸಮಯ ಎರಡರಲ್ಲೂ ಒಂದೇ.

ಕೊನೆಯದಾಗಿ, ಸುಮ್ಮನೆ ನಿಂತ ಆ ಎಂಟು ಜನರ ಬಗ್ಗೆ. ನುಗ್ಗುವವರು ಎಲ್ಲ ಕಾಲದಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರಿಗೆ ಧೈರ್ಯ ಬರುವುದು ಉಳಿದವರ ಮೌನದಿಂದ. ಜಗಳ ಬೇಡ, ವಿಡಿಯೊ ಮಾಡಿ ಮಾನ ಕಳೆಯುವುದೂ ಬೇಡ. ಗಿರಣಿಯವನು ಹೇಳುವಷ್ಟು ಸಲೀಸಾಗಿ ಒಂದು ಮಾತು ಸಾಕು: "ಯಕ್ಕಾರೆ, ಈ ಅಮ್ಮಾರು ಮೊದಲು ಬಂದಾರ್ರೀ, ಅವರದು ಪಾಳಿ." ಒಬ್ಬರು ಅಂದರೆ ಇನ್ನೊಬ್ಬರು ಹೌದು ಅನ್ನುತ್ತಾರೆ. ಇಬ್ಬರು ಅಂದ ಮೇಲೆ ಟ್ರಾಲಿ ತಾನಾಗಿಯೇ ಹಿಂದೆ ಸರಿಯುತ್ತದೆ. ಊರಿನಲ್ಲಿ ಇಲ್ಲದವರ ಡಬ್ಬಿಯ ಪರವಾಗಿ ಮಾತಾಡುವ ನಾವು, ಪೇಟೆಯಲ್ಲಿ ಕಣ್ಣೆದುರೇ ಇರುವವರ ಪರವಾಗಿ ಬಾಯಿ ಬಿಡಲಾರೆವೇ?

ಈ ಸಲದ ಹಬ್ಬದ ಸಂತೆಯಲ್ಲಿ ಅಷ್ಟನ್ನು ಮಾಡಿ ನೋಡೋಣ. ಅದಕ್ಕೆ ಆಫರೂ ಬೇಕಿಲ್ಲ, ಕೂಪನ್ನೂ ಬೇಕಿಲ್ಲ.